ಕತ್ತಲೆಯ ಮೇಲ್ವಿಚಾರಕ

ಅಂದು ಬೆಳಿಗ್ಗೆ ನಾಳೆಯಪ್ಪ ಬಾಯಿ ಮುಚ್ಚಿಕೊಂಡು ಹಲ್ಲುಜ್ಜಿದ್ದರೆ ಮುಂದಿನ ಅನಾಹುತ ಯಾವುದೂ ಆಗುತ್ತಿರಲಿಲ್ಲ. ಆದರೆ ಹಲ್ಲುಜ್ಜಬೇಕಾದರೆ ಬಾಯಿ ತೆರೆಯಲೇಬೇಕಲ್ಲ! ತೆರೆದ ಬಾಯಿಂದ ನೊರೆಯ ಜೊತೆಗೆ ಒಂದು ಜಂಬವೂ ಹೊರಬಿತ್ತು.

“ಕತ್ತಲೆ ತಾನೇ ಬೇಕು ನಿಂಗೆ? ಈ ಊರಿನ ಕತ್ತಲೆಯೆಲ್ಲ ನನ್ನ ಜೇಬಲ್ಲಿದೆ ಕಣೇ!”

ಮಾತು ಸುಳ್ಳೇನಲ್ಲ. ನಾಳೆಯಪ್ಪ ಆ ಊರಿನ ಬೀದಿದೀಪಗಳ ಮೇಲ್ವಿಚಾರಕ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾರು ಬಂದು ಯಾವ ದೀಪ ಆರಿದೆಯೆಂದರೂ “ನಾಳೆ ನೋಡೋಣ” ಎಂದು ಇಪ್ಪತ್ತೆರಡು ವರ್ಷ ಹೇಳಿದವನಿಗೆ ಊರವರು ಈ ಬಿರುದು ದಯಪಾಲಿಸಿದ್ದರು. ಅವನು ಆಡಿದ ‘ನಾಳೆ’ಗಳನ್ನೆಲ್ಲ ಒಂದರ ಮುಂದೊಂದು ಜೋಡಿಸಿಟ್ಟಿದ್ದರೆ ಅದರ ಮೇಲೆ ನಡೆದುಕೊಂಡು ಚಂದ್ರನವರೆಗೆ ಹೋಗಿ, ಅಲ್ಲಿ ಸ್ವಲ್ಪ ಸುಧಾರಿಸಿಕೊಂಡು, ಸಂಜೆಯೊಳಗೆ ಮನೆ ಸೇರಬಹುದಿತ್ತು.

ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನೋಡಲಿಲ್ಲ. “ನಿಮ್ಮ ಜೇಬು ನಂಗೆ ಗೊತ್ತು. ಅದರಲ್ಲಿ ತೂತು ಬಿಟ್ರೆ ಇನ್ನೇನೂ ಇಲ್ಲ. ಐದು ವರ್ಷದಿಂದ ಕೇಳ್ತಾ ಇದೀನಿ, ಒಂದೇ ಒಂದು ಬೀಳೋ ನಕ್ಷತ್ರ ತೋರಿಸಿ ಅಂತ.”

ಅದೂ ಸುಳ್ಳಲ್ಲ. ಪ್ರತಿ ವಸಂತದಲ್ಲಿ ಒಂದು ರಾತ್ರಿ ಆಕಾಶ ಉಲ್ಕೆಗಳನ್ನು ಉದುರಿಸುತ್ತಿತ್ತು. ಪ್ರತಿ ವಸಂತದ ಆ ರಾತ್ರಿಯೇ ನಾಳೆಯಪ್ಪನಿಗೆ ಏನಾದರೊಂದು ಗಂಟುಬೀಳುತ್ತಿತ್ತು. ಮೊದಲ ವರ್ಷ ಸೇತುವೆಯ ದೀಪಗಳು ಕೈಕೊಟ್ಟವು. ಎರಡನೆಯ ವರ್ಷ ಲಾರಿಯೊಂದು ಕಂಬಕ್ಕೆ ಗುದ್ದಿತು. ಮೂರನೆಯ ವರ್ಷ ಅದೇ ಲಾರಿ, ಬೇರೆ ಕಂಬ. ನಾಲ್ಕನೆಯ ವರ್ಷ ಆಗಿನ ಸಾಹೇಬರ ಮನೆಮುಂದಿನ ದೀಪ ಮಿಣುಕಿತು. ಐದನೆಯ ವರ್ಷ ಯಾವ ಅಡ್ಡಿಯೂ ಇರಲಿಲ್ಲ. “ಐದು ನಿಮಿಷ ಕಣ್ಣು ಮುಚ್ಚಿರ್ತೀನಿ” ಎಂದವನು ಎದ್ದಾಗ ಹಾಲಿನವನು ಬಾಗಿಲು ತಟ್ಟುತ್ತಿದ್ದ.

“ಇದು ಆರನೇದು. ಇವತ್ತು ತೋರಿಸ್ಲಿಲ್ಲ ಅಂದ್ರೆ, ಇನ್ಮೇಲೆ ನಿಮ್ಮ ಹತ್ರ ಏನೂ ಕೇಳಲ್ಲ,” ಎಂದಳು ಅವಳು. ಬೈಯಲಿಲ್ಲ, ಪಾತ್ರೆ ಕುಕ್ಕಲಿಲ್ಲ. ಅದೇ ಅವನನ್ನು ಹೆದರಿಸಿತು. ಕೇಳುವ ಹೆಂಡತಿಯನ್ನು ‘ನಾಳೆ’ ಎಂದು ಸಂಭಾಳಿಸಬಹುದು. ಕೇಳುವುದನ್ನೇ ಬಿಟ್ಟ ಹೆಂಡತಿಗೆ ಮೂರು ಲೋಕದಲ್ಲೂ ಮದ್ದಿಲ್ಲ. ಅದೂ ಅಲ್ಲದೆ ಹದಿನೇಳು ವರ್ಷದ ಸಂಸಾರದಲ್ಲಿ ಅವಳು ತನಗಾಗಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಒಂದು ಬೋಳುತಲೆ ಉದಯಿಸಿತು. ಪಕ್ಕದ ಮನೆಯ ನಿವೃತ್ತ ಭೂಗೋಳದ ಮೇಷ್ಟ್ರು. ಗಂಡಹೆಂಡಿರ ಮಾತು ಪಿಸುಗುಟ್ಟಿದರೂ ಅವರಿಗೆ ಕೇಳುತ್ತಿತ್ತು. ಅವರ ಕಿವಿಯನ್ನು ಯುದ್ಧದಲ್ಲಿ ಬಳಸಿದ್ದರೆ ಶತ್ರು ವಿಮಾನಗಳು ಹೊರಡುವ ಮುಂಚೆಯೇ ಸಿಕ್ಕಿಬೀಳುತ್ತಿದ್ದವು.

“ಇವತ್ತೇ ಕಣಯ್ಯಾ! ಹನ್ನೆರಡರ ಮೇಲೆ ಈಶಾನ್ಯದ ಕಡೆ ನೋಡ್ತಿರಬೇಕು. ಗಂಟೆಗೆ ಹದಿನೈದು ಇಪ್ಪತ್ತು ಬೀಳುತ್ವೆ. ಆದ್ರೆ ಕತ್ತಲೆ ಮುಖ್ಯ. ದೀಪ ಇರೋ ಕಡೆ ಉಲ್ಕೆ ಹೋಗ್ಲಿ, ಸೊಳ್ಳೆನೂ ನೆಟ್ಟಗೆ ಕಾಣಲ್ಲ. ಅದಕ್ಕೇ ನಾನು ಹೇಳೋದು, ನೀನು ಎಲ್ಲೆಲ್ಲೋ ಅಲೆಯೋ ಬದ್ಲು…”

“ಮೇಷ್ಟ್ರೇ, ಕತ್ತಲೆ ವಿಷಯ ನಂಗೆ ಹೇಳ್ಕೊಡಬೇಡಿ. ನಕ್ಷತ್ರ ನಿಮ್ಮ ಇಲಾಖೆ, ಕತ್ತಲೆ ನಮ್ಮದು,” ಎಂದು ಅವರ ಮಾತನ್ನು ಅರ್ಧಕ್ಕೇ ಕತ್ತರಿಸಿ ನಾಳೆಯಪ್ಪ ಬಾಯಿ ಮುಕ್ಕಳಿಸಿದ.

ಕಚೇರಿಗೆ ಬಂದವನೇ ಅವನು ದೂರು ಪುಸ್ತಕವನ್ನು ಕೆಳಗಿಳಿಸಿ ಧೂಳು ಕೊಡವಿದ. ಆ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ದೀಪ ಆರಿದ್ದರೆ ಸಾಲದು. ಆರಿದೆಯೆಂದು ಯಾರಾದರೂ ಬಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಬಾಯಿಮಾತಿನ ಕತ್ತಲೆಗೆ ಅಲ್ಲಿ ಬೆಲೆಯಿಲ್ಲ. ಹಾಗೆ ಬರೆದದ್ದನ್ನು ನಾಳೆಯಪ್ಪ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಓದತೊಡಗಿದ. ಓದುತ್ತಾ ಹೋದಂತೆ ಅವನಿಗೆ ರೋಮಾಂಚನವಾಯಿತು. ಇದು ಬರಿಯ ದೂರು ಪುಸ್ತಕವೇ? ಊರಿನ ಕತ್ತಲೆಯ ನಕಾಶೆ! ಎಲ್ಲಿ ತೆಳುವಾದ ಕತ್ತಲೆ, ಎಲ್ಲಿ ಗಟ್ಟಿ ಕತ್ತಲೆ, ಎಲ್ಲಿ ಮುಟ್ಟಿದರೆ ಕೈಗಂಟುವ ಕತ್ತಲೆ, ಎಲ್ಲವೂ ತಾರೀಕಿನ ಸಮೇತ.

ಅದರಿಂದ ಮೂರು ಅಪ್ಪಟ ಜಾಗ ಆರಿಸಿ ಚೀಟಿಯಲ್ಲಿ ಬರೆದುಕೊಂಡ. ಒಂದು, ನೀರಿನ ಟ್ಯಾಂಕಿನ ಹಿಂದಿನ ಬಯಲು: ಮೂರು ವರ್ಷ, ನಲವತ್ತೊಂದು ದೂರು. ಎರಡು, ಮರದ ಮಿಲ್ಲಿನ ಹಿಂದಿನ ಓಣಿ: ಎರಡೂವರೆ ವರ್ಷ. ಮೂರು, ಕಲ್ಲುಕ್ವಾರಿಯ ಏರು: ನಾಲ್ಕು ವರ್ಷ, ಕೊನೆಯ ದೂರುದಾರ ದೀಪದ ವಿಷಯವನ್ನೇ ಮರೆತು ಮೇಲ್ವಿಚಾರಕನ ವಂಶದ ಬಗ್ಗೆ ಬರೆದಿದ್ದ.

“ಏನ್ ಸಾರ್ ಅದು, ಲವ್ ಲೆಟರಾ? ಇಷ್ಟು ಶ್ರದ್ಧೆಯಿಂದ ನೀವು ಏನೂ ಬರೆದಿದ್ದು ನಾನು ನೋಡೇ ಇಲ್ಲ,” ಎನ್ನುತ್ತಾ ಹಿಂದಿನಿಂದ ಟೈಪಿಸ್ಟ್ ಇಣುಕಿದಳು. ಅವಳಿಗೆ ಒಂದು ಗುಟ್ಟು ಹೇಳುವುದೂ ಒಂದೇ, ಡಂಗುರದವನಿಗೆ ಕೋಲು ಕೊಡುವುದೂ ಒಂದೇ. ಆದರೆ ಹೊಗಳಿಕೆಯ ಹಸಿವಿದ್ದ ನಾಳೆಯಪ್ಪ ಎಲ್ಲವನ್ನೂ ಹೇಳಿಬಿಟ್ಟ.

“ಅಬ್ಬಾ, ಏನು ತಲೆ ಸಾರ್ ನಿಮ್ಮದು! ಇದನ್ನ ನೀವಿಬ್ರೇ ನೋಡೋದಾ? ಊರಿನ ಜನ ಏನು ಪಾಪ ಮಾಡಿದ್ರು?”

“ಏ, ಯಾರಿಗೂ ಹೇಳ್ಬೇಡಮ್ಮಾ.”

“ನಾನ್ಯಾಕೆ ಹೇಳ್ಲಿ ಸಾರ್?” ಎಂದಳು ಅವಳು. ಮಾತಿಗೆ ತಪ್ಪಲಿಲ್ಲ, ಯಾರಿಗೂ ಹೇಳಲಿಲ್ಲ, ಟೈಪ್ ಮಾಡಿದಳು. ಹತ್ತೂವರೆಗೆ ಹದಿನಾಲ್ಕು ಕಾಗದಗಳ ಜೊತೆಗೆ ಹದಿನೈದನೆಯದೊಂದು ನಾಳೆಯಪ್ಪನ ಮುಂದೆ ಬಂತು. ಕಾಗದ ಓದಿ ಸಹಿ ಹಾಕುವುದು ಅನುಮಾನದ ಪ್ರಾಣಿಗಳ ಲಕ್ಷಣವೆಂದು ನಂಬಿದ್ದ ಅವನು ಹದಿನೈದಕ್ಕೂ ಒಂದೇ ಉಸಿರಿನಲ್ಲಿ ಸಹಿ ಎಳೆದ.

ಹನ್ನೊಂದಕ್ಕೆ ಅದು ಸೂಚನಾ ಫಲಕದಲ್ಲಿತ್ತು. ಹನ್ನೊಂದೂವರೆಗೆ ಬಸ್ ನಿಲ್ದಾಣದಲ್ಲಿ. ಹನ್ನೆರಡಕ್ಕೆ ಕ್ಷೌರದಂಗಡಿಯ ಕನ್ನಡಿಯ ಮೇಲೆ. “ಸಾರ್ವಜನಿಕರ ಗಮನಕ್ಕೆ: ಉಲ್ಕಾಪಾತ ವೀಕ್ಷಣೆಗೆ ಊರಿನ ಅತ್ಯುತ್ತಮ ಕತ್ತಲೆ ತಾಣಗಳು. ಈ ಮೂರು ಸ್ಥಳಗಳಲ್ಲಿ ವರ್ಷಗಟ್ಟಲೆ ಯಾವ ದೀಪವೂ ಉರಿದಿಲ್ಲವೆಂದು ಖಾತರಿಪಡಿಸಲಾಗಿದೆ.” ಕೆಳಗೆ ನಾಳೆಯಪ್ಪನ ಸಹಿ, ಹುದ್ದೆ, ಕಚೇರಿಯ ಮೊಹರು.

ಹನ್ನೆರಡೂಕಾಲಿಗೆ ಮೇಡಂ ಕರೆದರು.

ಹೊಸ ಮೇಲಧಿಕಾರಿ ಬಂದು ಮೂರು ವಾರವಾಗಿತ್ತಷ್ಟೆ. ಅವರು ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಹೆದರುತ್ತಿದ್ದುದು ಅದಕ್ಕೇ. ಅವರ ಮೇಜಿನ ಮೇಲೆ ಎರಡು ಕಾಗದ ಅಕ್ಕಪಕ್ಕ ಮಲಗಿದ್ದವು. ಒಂದು ಈ ಪ್ರಕಟಣೆ. ಇನ್ನೊಂದು, ಪ್ರತಿ ತಿಂಗಳೂ ನಾಳೆಯಪ್ಪ ಕಳಿಸುತ್ತಿದ್ದ ವರದಿ: “ಊರಿನ ಎಲ್ಲ ದೀಪಗಳೂ ಉರಿಯುತ್ತಿವೆ. ಒಂದೂ ಆರಿಲ್ಲ.” ಎರಡರ ಕೆಳಗೂ ಅದೇ ಸಹಿ, ಅದೇ ಬಾಲ, ಬಾಲದ ತುದಿಯಲ್ಲಿ ಅದೇ ಚುಕ್ಕೆ.

“ಇದು ನಿಮ್ಮ ಸಹಿನಾ?”

“ಹೌದು ಮೇಡಂ.”

“ಇದು?”

“ಅದೂ… ಹಾಗೇ ಕಾಣುತ್ತೆ ಮೇಡಂ.”

“ನಮ್ಮಮ್ಮಂಗೆ ಎಪ್ಪತ್ತೆಂಟು ವರ್ಷ. ಉಲ್ಕೆ ನೋಡಬೇಕು ಅಂತ ಬೆಳಿಗ್ಗೆಯಿಂದ ಕೂತಿದಾರೆ. ರಾತ್ರಿ ಕರ್ಕೊಂಡು ಬರ್ತೀನಿ. ಹಾಗೇ ಇವೆರಡರಲ್ಲಿ ಯಾವುದು ಸುಳ್ಳು ಅಂತಾನೂ ನೋಡ್ಕೊಂಡು ಹೋಗ್ತೀನಿ.” ಅಷ್ಟು ಹೇಳಿ ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ನಾಳೆಯಪ್ಪನಿಗೆ ತನ್ನ ಕತ್ತಿಗೇ ಮುಚ್ಚಳ ಬಿದ್ದಂತಾಯಿತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತ. ಕತ್ತಲೆ ಇದ್ದರೆ ವರದಿ ಸುಳ್ಳು, ಕೆಲಸ ಹೋಗುತ್ತದೆ. ಬೆಳಕಿದ್ದರೆ ಪ್ರಕಟಣೆ ಸುಳ್ಳು, ಮಾನ ಹೋಗುತ್ತದೆ. ಎರಡನ್ನೂ ತೂಗಿ ನೋಡಿದ. ಮಾನದ ತಕ್ಕಡಿ ಹತ್ತಿಯಂತೆ ಮೇಲೆದ್ದಿತು. ಹೋಗಬೇಕಾದದ್ದು ಬಹುಪಾಲು ಆಗಲೇ ಹೋಗಿತ್ತು. ಸರಿ, ಸಂಜೆಯೊಳಗೆ ಮೂರೂ ದೀಪ ಹತ್ತಬೇಕು. ಹೆಂಡತಿಗೆ? ಊರಾಚೆ, ಹೆದ್ದಾರಿ ದಾಟಿದರೆ, ಯಾವ ಕಚೇರಿಗೂ ಸೇರದ ಬಯಲೊಂದಿತ್ತು. ಅಲ್ಲಿಗೆ ಗುಟ್ಟಾಗಿ ಕರೆದೊಯ್ದರಾಯಿತು. ‘ನನ್ನಂಥ ಬುದ್ಧಿವಂತ ಇನ್ನೊಬ್ಬ ಇದ್ದಿದ್ದರೆ ಈ ಊರು ಎಂದೋ ಮುಳುಗಿಹೋಗುತ್ತಿತ್ತು’ ಎಂದು ತನ್ನನ್ನು ತಾನೇ ಮೆಚ್ಚಿಕೊಂಡು, ಏಣಿಯನ್ನು ಕಚೇರಿಯ ಗಾಡಿಗೆ ಬಿಗಿದು ಹೊರಟ.

ಆ ಮಧ್ಯಾಹ್ನ ನಾಳೆಯಪ್ಪ ಮಾಡಿದ ಕೆಲಸವನ್ನು ನೋಡಿದ್ದರೆ ಇರುವೆಗಳು ನಾಚಿ ರಾಜೀನಾಮೆ ಕೊಡುತ್ತಿದ್ದವು. ಟ್ಯಾಂಕಿನ ಹಿಂದಿನ ಕಂಬ ಹತ್ತಿ ನೋಡಿದರೆ ಹೋಗಿದ್ದುದು ಒಂದು ಫ್ಯೂಸು. ಮೂರು ವರ್ಷ, ನಲವತ್ತೊಂದು ದೂರು, ಒಂದು ಫ್ಯೂಸು, ನಾಲ್ಕು ನಿಮಿಷ. ಈ ನಾಲ್ಕು ನಿಮಿಷ ಇಷ್ಟು ದಿನ ಎಲ್ಲಿ ಅವಿತುಕೊಂಡಿತ್ತೋ ಎಂದು ಅವನಿಗೇ ಸೋಜಿಗವಾಯಿತು.

ಮರದ ಮಿಲ್ಲಿನ ಓಣಿಯಲ್ಲಿ ಕಂಬ ಹತ್ತುವಾಗ ಮುದುಕಿಯೊಬ್ಬಳು ಬಾಗಿಲಿಗೆ ಬಂದು ಹುಬ್ಬಿಗೆ ಕೈಹಚ್ಚಿ ನೋಡಿದಳು.

“ಯಾರಪ್ಪಾ ಅದು ಮೇಲೆ?”

“ದೀಪದವನು ಅಜ್ಜೀ.”

“ಹೌದಾ! ದೀಪದವರು ಅಂತ ಒಬ್ರು ಇದಾರೆ ಅಂತ ನಮ್ಮತ್ತೆ ಹೇಳ್ತಿದ್ರು. ಕಣ್ಣಾರೆ ನೋಡಿದ್ದು ಇವತ್ತೇ. ಸ್ವಲ್ಪ ತಡಿ, ಮೊಮ್ಮಕ್ಕಳನ್ನ ಕರೀತೀನಿ, ಅವೂ ನೋಡ್ಕೊಳ್ಳಲಿ.”

ಕ್ವಾರಿಯ ಏರಿನ ದೀಪದೊಳಗೆ ಹಕ್ಕಿಯೊಂದು ಗೂಡು ಕಟ್ಟಿ, ಮರಿ ಮಾಡಿ, ಆ ಮರಿಗಳು ಹಾರಿಹೋಗಿ, ಅವುಗಳ ಮರಿಗಳೂ ಹಳೆಯ ಮನೆಯೆಂದು ವಾಪಸು ಬಂದು ನೆಲೆಸಿದ್ದವು. ಅವುಗಳಿಂದ ತಲೆಗೆ ಎಂಟು ಕಡೆ ಕುಕ್ಕಿಸಿಕೊಂಡು, ಗೂಡನ್ನು ಪಕ್ಕದ ಕಂಬಕ್ಕೆ ವರ್ಗಾಯಿಸಿ, ಹೊಸ ಬಲ್ಬು ಸಿಕ್ಕಿಸುವಷ್ಟರಲ್ಲಿ ಸೂರ್ಯ ಮುಳುಗಿದ. ಮೂರೂ ದೀಪ ಹೊತ್ತಿಕೊಂಡವು. ಎಂಥ ಬೆಳಕು! ಟ್ಯಾಂಕಿನ ಬಯಲಿನಲ್ಲಿ ರಾತ್ರಿ ಸೂಜಿಗೆ ದಾರ ಪೋಣಿಸಬಹುದಿತ್ತು.

ಹನ್ನೊಂದೂವರೆಗೆ ಹೆಂಡತಿ ಸಿದ್ಧವಾಗಿ ನಿಂತಿದ್ದಳು. ಕಂಕುಳಲ್ಲಿ ಚಾಪೆ, ಕೈಯಲ್ಲಿ ಚಹಾದ ಫ್ಲಾಸ್ಕು, ಮೈಮೇಲೆ ಸ್ವೆಟರು. ಅವಳ ಮುಖದಲ್ಲಿದ್ದ ಖುಷಿಯನ್ನು ನೋಡಿ ನಾಳೆಯಪ್ಪನಿಗೆ, ಐದು ವರ್ಷದಿಂದ ಈ ಮುಖವನ್ನು ತಾನು ಒಣಹಾಕಿಬಿಟ್ಟಿದ್ದೆನಲ್ಲ ಎನಿಸಿತು. ಮೇಷ್ಟ್ರು ಕೊರಳಿಗೆ ದಿಕ್ಸೂಚಿ ತೂಗುಹಾಕಿಕೊಂಡು ಸೈಕಲ್ ಹಿಡಿದು ನಿಂತಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ. ಕರೆಯದ ಕಡೆಗೇ ಅವರು ತಪ್ಪದೆ ಬರುತ್ತಿದ್ದುದು.

ಹೆದ್ದಾರಿಗೆ ಹೋಗಲು ಟ್ಯಾಂಕಿನ ಬಯಲನ್ನು ದಾಟಬೇಕಿತ್ತು. ಸ್ಕೂಟರ್ ತಿರುವು ತೆಗೆದುಕೊಂಡದ್ದೇ ತಡ, ನಾಳೆಯಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಊರಿಗೆ ಊರೇ ಅಲ್ಲಿತ್ತು. ಚಾಪೆ, ದಿಂಬು, ಮಡಿಚುವ ಕುರ್ಚಿ, ತೊಟ್ಟಿಲಲ್ಲಿ ಮಲಗಬೇಕಾದ ಮಗು, ಆಸ್ಪತ್ರೆಯಲ್ಲಿ ಮಲಗಬೇಕಾದ ತಾತ. ಎಲ್ಲರೂ ಕಣ್ಣಿಗೆ ಅಡ್ಡಲಾಗಿ ಕೈ ಹಿಡಿದು ಅವನು ಹಚ್ಚಿದ ದೀಪವನ್ನು ಶಪಿಸುತ್ತಿದ್ದರು. ಮಿಲ್ಲಿನ ಓಣಿಗೂ ಕ್ವಾರಿಗೂ ಹೋಗಿ ಪೆಚ್ಚಾದವರೂ ಇಲ್ಲಿಗೇ ಬಂದು ಸೇರಿದ್ದರು.

“ಅಗೋ ಬಂದ! ನಾಳೆಯಪ್ಪ ಬಂದ!”

ಸ್ಕೂಟರಿನ ಸುತ್ತ ಕೋಟೆ ಕಟ್ಟಿದಂತೆ ಜನ ನಿಂತರು. ಕ್ಷೌರದಂಗಡಿಯವನು ಪ್ರಕಟಣೆಯನ್ನು ಅವನ ಮೂಗಿಗೆ ಹಿಡಿದ. “ಎಲ್ರೀ ನಿಮ್ಮ ಖಾತರಿ ಕತ್ತಲೆ? ಇಲ್ಲಿ ನಿಂತ್ರೆ ನನ್ನ ಕತ್ತರಿಯ ತುಕ್ಕು ಕಾಣುತ್ತೆ!”

“ಮೂರು ವರ್ಷ ದೀಪ ಹಾಕಪ್ಪಾ ಅಂತ ಅತ್ತು ಕರೆದ್ರೂ ಹಾಕ್ಲಿಲ್ಲ,” ಎಂದು ಇನ್ನೊಬ್ಬ ಗುಡುಗಿದ. “ಒಂದೇ ಒಂದು ರಾತ್ರಿ ಕತ್ತಲೆ ಬೇಕು ಅಂದ್ರೆ ಇವತ್ತೇ ಹಾಕಿದಾನೆ ನೋಡಿ! ಇದು ಸೋಮಾರಿತನ ಅಲ್ಲ, ಹಗೆತನ!”

“ಅಣ್ಣಾ, ಅಕ್ಕಾ, ಗಲಾಟೆ ಮಾಡ್ಬೇಡಿ,” ಎಂದು ನಾಳೆಯಪ್ಪ ಕೈಮುಗಿದ. “ಎರಡೇ ನಿಮಿಷ. ಫ್ಯೂಸ್ ಕಿತ್ತುಬಿಡ್ತೀನಿ. ಮೊದಲು ಹೇಗಿತ್ತೋ ಹಾಗೇ ಮಾಡ್ತೀನಿ.”

“ಮೊದಲು ಹೇಗಿತ್ತು?” ಎಂದಿತು ಬೆನ್ನ ಹಿಂದಿನಿಂದ ಒಂದು ಮೆಲುದನಿ. ಮೇಡಂ ಕಾರಿನಿಂದ ಇಳಿದು ನಿಂತಿದ್ದರು. ಅವರ ತೋಳು ಹಿಡಿದು ಬಿಳಿಕೂದಲಿನ ಪುಟ್ಟ ಅಮ್ಮ.

ನಾಳೆಯಪ್ಪ ಮುಗಿದ ಕೈಯನ್ನು ಅವರ ಕಡೆಗೆ ತಿರುಗಿಸಿದ. ಮೇಡಂ ದೀಪವನ್ನು ನೋಡಿದರು, ಕಂಬದ ಬುಡದಲ್ಲಿ ಬಿದ್ದಿದ್ದ ಹೊಚ್ಚಹೊಸ ವಯರಿನ ಚೂರನ್ನು ನೋಡಿದರು, ಅವನ ತಲೆಯ ಮೇಲಿದ್ದ ಕುಕ್ಕಿದ ಗಾಯಗಳನ್ನು ನೋಡಿದರು. ಮಾತಾಡಿದ್ದು ಅವರ ಅಮ್ಮ.

“ಹೋಗ್ಲಿ ಬಿಡೇ. ನಮ್ಮ ಹಣೇಲಿ ಇಲ್ಲ ಅಷ್ಟೆ. ನಡಿ, ಮನೆಗೆ ಹೋಗೋಣ. ಇನ್ನೊಂದು ವರ್ಷ ಇದ್ರೆ ನೋಡಿದ್ರಾಯ್ತು.”

ಆ ಮಾತನ್ನು ಕೇಳಿ ನಾಳೆಯಪ್ಪನ ಹೆಂಡತಿಗೆ ಸುಮ್ಮನಿರಲಾಗಲಿಲ್ಲ. ಕಾಯುವವರ ಸಂಕಟ ಕಾದವರಿಗೆ ಗೊತ್ತು. “ಅಮ್ಮಾ, ಹೋಗ್ಬೇಡಿ,” ಎಂದಳು ಸ್ಕೂಟರಿನಿಂದ ಇಳಿದು. “ನಮ್ಮನೆಗೆ ಬನ್ನಿ. ನಮ್ಮ ಬೀದಿಯಷ್ಟು ಕತ್ತಲೆ ಈ ಊರಲ್ಲಿ ಇನ್ನೆಲ್ಲೂ ಸಿಗಲ್ಲ.”

ನಾಳೆಯಪ್ಪ ಮೊದಲು ನಕ್ಕ. ಆಮೇಲೆ ನಗು ಅರ್ಧದಲ್ಲಿ ನಿಂತಿತು. ಹೌದಲ್ಲ! ತನ್ನ ಮನೆಯ ಬೀದಿ! ಬಸ್ಸಿಳಿದರೆ ಎಂಟನೆಯ ಹೆಜ್ಜೆಗೆ ಗುಂಡಿ, ಹದಿಮೂರಕ್ಕೆ ಚರಂಡಿ, ಇಪ್ಪತ್ತಕ್ಕೆ ಗೇಟು, ಕೈಯಾಡಿಸಿದರೆ ಚಿಲಕ. ಎರಡು ವರ್ಷದಿಂದ ಹಾಗೇ ಮನೆ ಸೇರುತ್ತಿದ್ದವನಿಗೆ ಅಲ್ಲಿ ಬೆಳಕಿಲ್ಲವೆಂಬುದು ಒಂದು ವಿಷಯವಾಗಿ ಹೊಳೆದೇ ಇರಲಿಲ್ಲ.

“ಬೆಳಿಗ್ಗೆ ಗೋಡೆ ಹತ್ತಿ ಅದನ್ನೇ ಹೇಳೋಕೆ ಬಂದೆ,” ಎಂದರು ಮೇಷ್ಟ್ರು ಎಲ್ಲರಿಗೂ ಕೇಳುವಂತೆ. “ಮಹಾರಾಯ ಬಾಯಿ ಬಿಡೋಕೆ ಬಿಟ್ರೆ ತಾನೇ?”

ಊರಿಗೆ ಊರೇ ಎದ್ದು ಚಾಪೆ ಸುತ್ತಿಕೊಂಡು ನಾಳೆಯಪ್ಪನ ಮನೆಯ ದಾರಿ ಹಿಡಿಯಿತು. ಮುಂದೆ ಮೇಡಂ ಕಾರು, ಹಿಂದೆ ಮುನ್ನೂರು ಜನ, ನಡುವೆ ಸ್ಕೂಟರನ್ನು ತಳ್ಳಿಕೊಂಡು, ಗಲ್ಲಿಗೆ ಹೊರಟವನ ಹಾಗೆ ನಾಳೆಯಪ್ಪ.

ಬೀದಿಯ ತುದಿಯಲ್ಲಿ ಕಾರಿನ ದೀಪ ಆರಿದೊಡನೆ ಜನ ‘ಆಹಾ!’ ಎಂದರು. ಐದು ಕಂಬ, ಐದೂ ಕುರುಡು. ತನ್ನ ಕೈ ತನಗೆ ಕಾಣದ ಕತ್ತಲೆ. ಅದರ ಮೇಲೆ, ಕೈಗೆಟಕುವಷ್ಟು ಹತ್ತಿರದಲ್ಲಿ, ಆಕಾಶ ಪೂರ್ತಿ ಚುಕ್ಕೆ.

“ಇವು ಆರಿ ಎಷ್ಟು ದಿನ ಆಯ್ತು?” ಎಂದು ಕತ್ತಲೆಯೊಳಗಿಂದ ಮೇಡಂ ದನಿ ಕೇಳಿತು.

“ಎರಡು ವರ್ಷ ತುಂಬಿತು,” ಎಂದರು ಮೇಷ್ಟ್ರು ಹೆಮ್ಮೆಯಿಂದ, ತಮ್ಮ ಮೊಮ್ಮಗುವಿನ ವಯಸ್ಸು ಹೇಳುವಂತೆ.

“ದೂರು ಪುಸ್ತಕದಲ್ಲಿ ಇದು ಇಲ್ವಲ್ಲ?”

“ಪಕ್ಕದ ಮನೆಯವನ ಮೇಲೆ ಆಫೀಸಿಗೆ ಹೋಗಿ ಬರೆಯೋದು ಚೆನ್ನಾಗಿರುತ್ತಾ ಮೇಡಂ? ಗೋಡೆ ಮೇಲಿಂದ ಹೇಳ್ತಾನೇ ಇದೀನಿ. ‘ಬರೆದು ಕೊಡಿ ಮೇಷ್ಟ್ರೇ’ ಅಂತಾನೆ. ಅವನ ಹೆಂಡತಿನೂ ಹೇಳಿದಾಳೆ. ಅವಳಿಗೂ ಅದೇ ಉತ್ತರ.”

ಮೇಡಂ ಮುಖ ಕಾಣಲಿಲ್ಲ. ಕಾಣದಿದ್ದುದೇ ನಾಳೆಯಪ್ಪನ ಪುಣ್ಯ. “ನೋಡಿ, ಬೆಳಗಾಗೋದ್ರೊಳಗೆ ಈ ಐದೂ ದೀಪ ಉರೀಬೇಕು. ಇಲ್ಲಾಂದ್ರೆ ನಾಳೆ ಆಫೀಸಿಗೆ ಬರೋ ಶ್ರಮ ತಗೋಬೇಡಿ,” ಎಂದು ಹೇಳಿ, ಅಮ್ಮನ ಕೈಹಿಡಿದು ಅವರು ಮೇಷ್ಟ್ರ ತಾರಸಿಯ ಮೆಟ್ಟಿಲು ಹತ್ತಿದರು. ಜನ ಸಿಕ್ಕಸಿಕ್ಕ ತಾರಸಿ, ಜಗಲಿ, ಗೋಡೆಗಳ ಮೇಲೆ ಅಂಗಾತ ಮಲಗಿದರು.

ಇಪ್ಪತ್ತೆರಡು ವರ್ಷ ಯಾರ ಮಾತಿಗೂ ಅಲುಗಾಡದಿದ್ದ ನಾಳೆಯಪ್ಪ ಅಂದು ಮೊದಲ ಸಲ, ಹೇಳಿದ ಕ್ಷಣವೇ ಏಣಿ ತಂದು ಮನೆಮುಂದಿನ ಕಂಬಕ್ಕೆ ಒರಗಿಸಿದ. ಟಾರ್ಚ್ ಬೆಳಗಿದರೆ ನಾಲ್ಕೂ ದಿಕ್ಕಿನಿಂದ “ಆರಿಸ್ರೀ ಅದನ್ನ!” ಎಂಬ ಕೂಗು. ಆರಿಸಿದ. ಕುರುಡನಂತೆ ಬೆರಳಿನಿಂದಲೇ ತಂತಿ ತಡವಿದ. ಕೆಳಗೆ ಹೆಂಡತಿ ಏಣಿ ಹಿಡಿದು ನಿಂತಳು. ನೆಲ ಏರುತಗ್ಗು, ಬಿಟ್ಟರೆ ಏಣಿ ಜಾರುವುದು ಖಂಡಿತ.

“ಅಗೋ! ಅಗೋ!” ತಾರಸಿಯಿಂದ ಮುನ್ನೂರು ಕಂಠ ಒಟ್ಟಿಗೆ ಎದ್ದವು. ನಾಳೆಯಪ್ಪ ತಿರುಗುವಷ್ಟರಲ್ಲಿ ಆಕಾಶ ಏನೂ ಆಗದಂತೆ ಮುಖ ಮಾಡಿಕೊಂಡಿತ್ತು.

“ನೋಡಿದ್ಯೇನೇ?”

“ಎಲ್ಲಿ? ನಾನು ನಿಮ್ಮ ಕಾಲು ನೋಡ್ತಿದೀನಿ. ಎಡಗಾಲು ಸ್ವಲ್ಪ ಒಳಗೆ ಇಡಿ.”

ಮತ್ತೊಂದು ಬಿತ್ತು. ಮಗುದೊಂದು. ಆ ರಾತ್ರಿ ಬಿದ್ದಷ್ಟು ಉಲ್ಕೆಗಳು ಸೃಷ್ಟಿಯಾದಂದಿನಿಂದ ಬಿದ್ದಿರಲಿಲ್ಲವೆಂದು ನೋಡಿದವರೆಲ್ಲ ಇಂದಿಗೂ ಆಣೆಯಿಟ್ಟು ಹೇಳುತ್ತಾರೆ. ಹಸಿರು ಬಣ್ಣದ್ದು, ಬಾಲವಿದ್ದದ್ದು, ಎರಡಾಗಿ ಸೀಳಿದ್ದು. ಮೇಡಂ ಅಮ್ಮ ಮಗುವಿನಂತೆ ಚಪ್ಪಾಳೆ ತಟ್ಟುತ್ತಿದ್ದುದು ಕೇಳಿಸುತ್ತಿತ್ತು. ನಾಳೆಯಪ್ಪನ ಹೆಂಡತಿ ಮಾತ್ರ ತಲೆ ತಗ್ಗಿಸಿ, ಕೂಗು ಕೇಳಿದಾಗಲೆಲ್ಲ ಬೆರಳು ಮಡಿಚುತ್ತಿದ್ದಳು.

“ಇಪ್ಪತ್ತಮೂರು,” ಎಂದಳು. “ನೋಡದಿದ್ರೇನು, ಲೆಕ್ಕ ಇಟ್ಟಿದೀನಲ್ಲ.”

ಅವಳು ಅದನ್ನು ತಮಾಷೆಗೇ ಹೇಳಿದಳು. ಆದರೆ ಕಂಬದ ಮೇಲಿದ್ದವನಿಗೆ ಅದು ನೆಟ್ಟಗೆ ಎದೆಗೆ ಬಂದು ನಾಟಿತು. ಎಂಥ ಗಂಡಸಯ್ಯಾ ನಾನು, ಎಂದುಕೊಂಡ ನಾಳೆಯಪ್ಪ. ಊರವರಿಗೆಲ್ಲ ಉಲ್ಕೆ ತೋರಿಸಿದೆ, ಇವಳಿಗೆ ನನ್ನ ಒಡಕು ಹಿಮ್ಮಡಿ ತೋರಿಸುತ್ತಿದ್ದೇನೆ.

“ನೀನು ಮೇಲೆ ಹೋಗೇ. ನಾನು ಬೀಳಲ್ಲ.”

“ಬೀಳಲ್ಲ ಅಂತ ಹಿಂದೊಂದು ಸಲ ಏಣಿ ಹತ್ತಿದಾಗ್ಲೂ ಹೇಳಿದ್ರಿ. ಮೂರು ವಾರ ಬೆನ್ನಿಗೆ ಎಣ್ಣೆ ಹಚ್ಚಿದ್ದು ನಾನು.”

ಆಗ ನಾಳೆಯಪ್ಪ ಹಿಂದೆಂದೂ ಮಾಡದ ಕೆಲಸವೊಂದನ್ನು ಮಾಡಿದ. ತಂತಿ ತಿರುಚುವ ಪಕ್ಕಡವನ್ನು ಜೇಬಿಗಿಳಿಸಿದ. “ಸಾಕು. ಕೆಲಸ ಹೋದ್ರೆ ಹೋಗ್ಲಿ, ದೀಪ ಹಾಳಾಗಿ ಹೋಗ್ಲಿ. ಬಾ, ಇಬ್ರೂ ನೋಡೋಣ. ಚಾಪೆ ಹಾಸು,” ಎಂದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಹೆಂಡತಿ ನಂಬಲಾರದೆ ಮುಖ ಮೇಲೆತ್ತಿದಳು. ಕತ್ತಲೆಯಲ್ಲೂ ಅವಳು ನಗುತ್ತಿರುವುದು ಅವನಿಗೆ ಗೊತ್ತಾಯಿತು. ಆ ನಗುವಿನ ಹುರುಪಿಗೆ, ಐವತ್ತು ದಾಟಿದವನೆಂಬುದನ್ನು ಮರೆತು, ಕೊನೆಯ ನಾಲ್ಕು ಮೆಟ್ಟಿಲು ಬಾಕಿಯಿರುವಾಗಲೇ ಧುಮುಕಿದ.

ಏಣಿ ಹೋಗಿ ಕಂಬಕ್ಕೆ ಢಣಾರನೆ ಬಡಿಯಿತು. ಕಂಬ ಬುಡದಿಂದ ತುದಿಯವರೆಗೆ ನಡುಗಿತು. ಎರಡು ವರ್ಷದಿಂದ ಸಡಿಲವಾಗಿ ಮುನಿಸಿಕೊಂಡಿದ್ದ ತಂತಿಯ ಗಂಟೊಂದು ಆ ಪೆಟ್ಟಿಗೆ ಕೂಡಿಕೊಂಡಿತು.

ಐದೂ ದೀಪ ಒಟ್ಟಿಗೆ ಉರಿದವು.

ಹಾಗೆಂದರೆ ಸಾಲದು. ಎರಡು ವರ್ಷ ಕೂಡಿಟ್ಟ ಬೆಳಕನ್ನೆಲ್ಲ ಒಮ್ಮೆಗೇ ಉಗುಳಿದಂತೆ ಉರಿದವು. ಹುಂಜವೊಂದು ಬೆಳಗಾಯಿತೆಂದು ಕೂಗಿತು. ಬೀದಿಯ ನಡುವೆ ಇನ್ನೂ ಬಿಚ್ಚದ ಚಾಪೆಯ ಪಕ್ಕದಲ್ಲಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ, ಗಂಡಹೆಂಡಿರು ಕಣ್ಣು ಕುಕ್ಕಿ ನಿಂತರು. ತಾರಸಿಗಳ ಮೇಲಿಂದ ಎದ್ದ ಆರ್ಭಟ ಹೇಳತೀರದು.

“ಯಾವನೋ ಅವ್ನು ದೀಪ ಹಾಕಿದ್ದು?”

“ದೊಡ್ಡದೊಂದು ಬೀಳ್ತಿತ್ತು, ಅರ್ಧಕ್ಕೇ ಮಾಯ ಮಾಡ್ಬಿಟ್ನಲ್ಲ ಪಾಪಿ!”

ಮೇಷ್ಟ್ರ ತಾರಸಿಯ ಅಂಚಿನಲ್ಲಿ ಮೇಡಂ ಕಾಣಿಸಿಕೊಂಡರು. ಅಂದು ಮೊದಲ ಬಾರಿಗೆ ಅವರ ದನಿ ಏರಿತು. “ಏನ್ರೀ ಇದು?”

“ನೀವೇ ಹೇಳಿದ್ರಲ್ಲ ಮೇಡಂ, ಬೆಳಗಾಗೋದ್ರೊಳಗೆ…”

“ಬೆಳಗಾಗೋದ್ರೊಳಗೆ ಅಂದ್ರೆ ಬೆಳಗಿನ ಹೊತ್ತಿಗೆ! ಈಗ ಮೂರೂವರೆ! ಆರಿಸಿ ಅದನ್ನ!”

ಆರಿಸುವುದು ಹೇಗೆ? ಸ್ವಿಚ್ಚಿನ ಪೆಟ್ಟಿಗೆಗೆ ಬೀಗ. ಬೀಗದಕೈ ಕಚೇರಿಯ ಮೇಜಿನೊಳಗೆ. ಕಚೇರಿಯ ಬೀಗದಕೈ ಟೈಪಿಸ್ಟ್ ಬಳಿ. ಅವಳು ಯಾವುದೋ ತಾರಸಿಯ ಮೇಲೆ ಬಾಯಿ ತೆರೆದು ಗಾಢನಿದ್ರೆಯಲ್ಲಿದ್ದಳು. ಅವಳನ್ನು ಹುಡುಕಿ, ಎಬ್ಬಿಸಿ, ಕಚೇರಿಗೆ ಓಡಿ, ಬೀಗದಕೈ ತಂದು, ತುಕ್ಕು ಹಿಡಿದ ಪೆಟ್ಟಿಗೆ ತೆರೆದು ನಾಳೆಯಪ್ಪ ದೀಪ ಆರಿಸುವಷ್ಟರಲ್ಲಿ ಮೂಡಣದಲ್ಲಿ ಸೂರ್ಯನೆಂಬ ಇನ್ನೊಂದು ದೀಪ ಹತ್ತಿತ್ತು. ಅದು ಅವನ ವಿಭಾಗಕ್ಕೆ ಸೇರಿದ್ದಲ್ಲ.

ಕೆಲಸವೇನೋ ಹೋಗಲಿಲ್ಲ. ಹತ್ತು ಗಂಟೆಗೆ ಕಚೇರಿಗೆ ಹೋದವನ ಕೈಗೆ ಒಂದು ಮೆಮೊ ಬಂತು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಮೊದಲನೆಯದು. ಅದನ್ನವನು ಎರಡೆರಡು ಸಲ ಓದಿದ: “ತಾವು ನಿನ್ನೆ ರಾತ್ರಿ ಮೂರೂವರೆ ಗಂಟೆಗೆ, ಸಾರ್ವಜನಿಕರಿಗೆ ತೀವ್ರ ತೊಂದರೆಯಾಗುವಂತೆ, ಐದು ಬೀದಿದೀಪಗಳನ್ನು ಉರಿಸಿದ್ದು ಗಮನಕ್ಕೆ ಬಂದಿದೆ. ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದೆಂದು ಮೂರು ದಿನದೊಳಗೆ ವಿವರಣೆ ನೀಡತಕ್ಕದ್ದು.”

ಸಂಜೆ ಅವನ ಹೆಂಡತಿ ಅದನ್ನು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ನಗಬೇಡ ಕಣೇ,” ಎಂದ ನಾಳೆಯಪ್ಪ. “ಇಷ್ಟು ವರ್ಷ ಊರೆಲ್ಲ ಕತ್ತಲೆ ಮಾಡಿ ಕೂತಿದ್ದೆ, ಒಬ್ಬ ನರಪಿಳ್ಳೆ ಒಂದು ಚೂರು ಕಾಗದ ಕಳಿಸ್ಲಿಲ್ಲ. ಒಂದು ದಿನ ನೆಟ್ಟಗೆ ಕೆಲಸ ಮಾಡಿದ್ದಕ್ಕೆ ನೋಡು.” ಆಮೇಲೆ ದನಿ ತಗ್ಗಿಸಿ, “ಮುಂದಿನ ವರ್ಷ ಮಾತ್ರ ನಿನ್ನ…” ಎಂದು ಶುರುಮಾಡಿದ.

“ಮುಂದಿನ ವರ್ಷದ್ದು ಗೊತ್ತಾಗಿದೆ ಬಿಡಿ,” ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತಾ. “ಮೇಡಂ ಅವರಮ್ಮ ಬೆಳಿಗ್ಗೆ ಹೊರಡುವಾಗ ಕರೆದ್ರು. ಅವರ ತಂಗಿ ಮನೆ ಬೆಟ್ಟದ ಮೇಲಿದೆಯಂತೆ, ಸುತ್ತ ಹತ್ತು ಮೈಲಿ ಒಂದು ಕಂಬ ಇಲ್ವಂತೆ. ಅವ್ರೂ ನಾನೂ ಹೋಗ್ತಾ ಇದೀವಿ.”

ನಾಳೆಯಪ್ಪ ಮೆಮೊವನ್ನು ನಾಲ್ಕಾಗಿ ಮಡಿಚಿ ಜೇಬಿಗಿಳಿಸಿದ. “ನಾನೂ ಬರ್ಲಾ?”

“ಅದನ್ನೂ ಕೇಳಿದೆ,” ಎಂದಳು ಹೆಂಡತಿ. “ಬೇಡ ಅಂದ್ರು. ಅಲ್ಲಿಗೆ ಬಂದ್ರೆ ನೀವು ಅದು ಹೇಗೋ ಬೆಳಕು ಮಾಡಿಬಿಡ್ತೀರಂತೆ.”